ಸೋಮವಾರ ದುಡಿಯದ ಪಿಕಪ್ಪು

ನಮ್ಮ ಮನೆಯಲ್ಲಿ ಸೋಮವಾರ ಪಿಕಪ್ಪು ದುಡಿಯುವುದಿಲ್ಲ. ಇದನ್ನು ಹೇಳಿದರೆ ನಗುವವರೇ ಹೆಚ್ಚು. ಬನ್ನೂರಿನ ಬಾಳೆಮಂಡಿಯವರಿಗೆ "ನಾಳೆ ಸೋಮವಾರ, ಗಾಡಿ ಬರಲ್ಲ" ಎಂದರೆ ಮೊದಮೊದಲು ಅವರು "ಯಾಕಕ್ಕ, ಡ್ರೈವರ್‌ಗೆ ರಜಾನಾ?" ಎಂದು ಕೇಳುತ್ತಿದ್ದರು. ಡ್ರೈವರ್ ನಾನೇ. ರಜೆ ನನಗಲ್ಲ, ಗಾಡಿಗೆ. ನನಗೆ ಸೋಮವಾರವೂ ಮುಸುರೆ ಪಾತ್ರೆ, ಕೊಟ್ಟಿಗೆಯ ಸಗಣಿ, ಬಟ್ಟೆಯ ರಾಶಿ ಯಾವುದೂ ತಪ್ಪಿದ್ದಲ್ಲ. ಈ ಮಾತನ್ನು ಮಾವನ ಎದುರು ಎಷ್ಟೋ ಸಲ ಆಡಿದ್ದೇನೆ. "ನಿಂಗೆ ಬ್ಯಾಡ ಅಂದೋರ್ಯಾರವ್ವ, ನೀನೂ ಮನೀಕೊ" ಎಂದು ನಗುತ್ತಾರೆ. ನಾನು ಮಲಗಿದರೆ ಹಾಲು ಕರೆಯುವವರು ಯಾರು?

ಮಾವ ಎಂದರೆ ನನ್ನ ಗಂಡನ ಅಪ್ಪ. ನಮ್ಮ ಊರು ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ದಾರಿಯಲ್ಲಿ, ಕಪಿಲೆಯ ದಡದಲ್ಲಿದೆ. ಮಾವ ಆಯುಷ್ಯವೆಲ್ಲ ಎತ್ತು ಕಟ್ಟಿ ಬೇಸಾಯ ಮಾಡಿದವರು. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಬಾರದು, ಅದು ಬಸವಣ್ಣನ ದಿನ ಎಂಬುದು ನಮ್ಮ ಕಡೆಯ ಕಟ್ಟಳೆ. ಅವತ್ತು ಮಾವ ಎತ್ತುಗಳನ್ನು ಹೊಳೆಗೆ ಹೊಡೆದುಕೊಂಡು ಹೋಗಿ, ಒಣಹುಲ್ಲಿನ ಹಿಡಿಯಿಂದ ಮೈ ಉಜ್ಜಿ ತೊಳೆದು, ತಂದು ಮೇವು ಹಾಕಿ ಬಿಡುತ್ತಿದ್ದರು. ಮಂಡಿನೋವು ಜೋರಾಗಿ ಉಳುವುದು ಆಗದೆ ಹೋದಾಗ ಎತ್ತುಗಳನ್ನು ಮಾರಬೇಕಾಯಿತು. ಅವು ಹೋದ ದಿನ ಜಗಲಿಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ ಮನುಷ್ಯ ಒಂದು ತಿಂಗಳು ಸರಿಯಾಗಿ ಏಳಲಿಲ್ಲ. ಕರೆದರೆ ಓಗೊಡುತ್ತಿರಲಿಲ್ಲ. ಮುದ್ದೆ ಇಟ್ಟರೆ ಅರ್ಧ ಬಿಡುತ್ತಿದ್ದರು. ಅತ್ತೆ ಆ ಹೊತ್ತಿಗಾಗಲೇ ತೀರಿಕೊಂಡಿದ್ದರು. "ಅಪ್ಪ ಇಂಗೇ ಓಗ್ಬುಡ್ತಾರೆ ಕಣೆ" ಎಂದು ನನ್ನ ಗಂಡ ಹಿತ್ತಲಲ್ಲಿ ನಿಂತು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದ್ದೇನೆ.

ಬಾಳೆಗೊನೆ, ಬದನೆಕಾಯಿ, ತೆಂಗಿನಕಾಯಿ ಸಾಗಿಸಲು ಅಂತ ಹಳೆಯ ಪಿಕಪ್ಪೊಂದು ಮನೆಗೆ ಬಂದದ್ದು ಆಮೇಲೆ. ಅದು ಅಂಗಳಕ್ಕೆ ಬಂದ ಮೊದಲ ಸೋಮವಾರವೇ ಮಾವ ಎದ್ದು ಕೂತರು. "ಇವತ್ತು ಇದುಕ್ಕೆ ಒರೆ ಏರಬ್ಯಾಡಿ. ಒಳೆಗೆ ಒಡ್ಕಂಡೋಗಿ ಮೈ ತೊಳೀಬೇಕು" ಎಂದರು. ನನಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗಿಟ್ಟುಕೊಂಡೆ. ಗಂಡ ಕಣ್ಣಲ್ಲೇ ಸುಮ್ಮನಿರು ಎಂದ. ಒಂದು ತಿಂಗಳ ಮೇಲೆ ಅವರ ಬಾಯಿಂದ ಹೊರಟ ಉದ್ದನೆಯ ಮಾತು ಅದು.

ಅಂದಿನಿಂದ ಪ್ರತಿ ಸೋಮವಾರ ಅದೇ ಕ್ರಮ. ಹೆಗಲ ಮೇಲೆ ಟವೆಲು, ಕೈಯಲ್ಲಿ ಬಕೆಟ್ಟು ಹಿಡಿದು ಮಾವ ಮುಂದೆ ಮುಂದೆ ನಡೆಯುವುದು, ಅವರ ಹಿಂದೆ ಪಿಕಪ್ಪು ಫಸ್ಟ್ ಗೇರಿನಲ್ಲಿ ತೆವಳುವುದು. ಸೋಮವಾರ ಅವರು ಗಾಡಿ ಹತ್ತುತ್ತಿರಲಿಲ್ಲ. ಹೊಳೆದಾರಿಯ ಕೊನೆಯಲ್ಲಿ ಮುಂದಿನ ಚಕ್ರಗಳು ಅರ್ಧ ಮುಳುಗುವಷ್ಟು ನೀರಿಗೆ ಇಳಿಸಬೇಕು. ಆಮೇಲೆ ಅವರು ಪಂಚೆ ಎತ್ತಿ ಕಟ್ಟಿ ನೀರಿಗಿಳಿದು ಬಲಗಡೆ ಚಕ್ರಕ್ಕೆ ಬಲದೆತ್ತು, ಎಡಗಡೆಯದಕ್ಕೆ ಎಡದೆತ್ತು ಎನ್ನುತ್ತಲೇ ಉಜ್ಜುತ್ತಿದ್ದರು. ಮನೆಗೆ ತಂದು ನೆರಳಲ್ಲಿ ನಿಲ್ಲಿಸಿ, ಮುಂಭಾಗಕ್ಕೆ ಅರಿಶಿನ ಕುಂಕುಮ ಹಚ್ಚಿದರೆ ಮಂಗಳವಾರ ಬೆಳಗಿನ ತನಕ ಯಾರೂ ಅದನ್ನು ಅಲುಗಿಸುವಂತಿಲ್ಲ. ನಾಲ್ಕು ವರ್ಷ ಹೀಗೆ ನಡೆಯಿತು. ಸೋಮವಾರ ಮಾವ ಪೂರ್ತಿ ಮುದ್ದೆ ಉಣ್ಣುತ್ತಿದ್ದರು, ನಮಗೆ ಅಷ್ಟೇ ಸಾಕಾಗಿತ್ತು.

ಇನ್ನು ಸ್ಟೇರಿಂಗು ನನ್ನ ಕೈಗೆ ಬಂದ ಕಥೆ. ಗೊತ್ತುಮಾಡಿದ್ದ ಡ್ರೈವರು ಮೂರೇ ತಿಂಗಳಿಗೆ ಬಿಟ್ಟುಹೋದ. ನನ್ನ ಗಂಡನಿಗೆ ನಂಜನಗೂಡಿನ ಹತ್ತಿರ ಫ್ಯಾಕ್ಟರಿಯಲ್ಲಿ ಕೆಲಸ, ಬೆಳಗಿನ ಮೊದಲ ಬಸ್ಸಿಗೆ ಹೋಗಬೇಕು. ಅದೂ ಅಲ್ಲದೆ ಸ್ಟೇರಿಂಗು ಹಿಡಿದರೆ ಆ ಪುಣ್ಯಾತ್ಮನ ಕೈ ಬೆವರುತ್ತದೆ. ನಾನೇ ಕಲಿಯುತ್ತೇನೆ ಎಂದೆ. ಊರಲ್ಲಿ ಗುಸುಗುಸು ಎದ್ದಿತು. ನನ್ನ ತವರು ಸೋಸಲೆಯಿಂದ ನಮ್ಮಣ್ಣ ಬಸ್ಸು ಹತ್ತಿ ಬಂದೇಬಿಟ್ಟ. "ಪಿಕಪ್ ಓಡ್ಸಕ್ಕಾ ನಿನ್ನ ಮದ್ವೆ ಮಾಡ್ಕೊಟ್ಟಿದ್ದು? ನಮ್ಮ ಮರ್ವಾದೆ ಏನಾಗ್ಬೇಕು?" ಎಂದು ಅಂಗಳದಲ್ಲೇ ಕೂಗಾಡಿದ. ನಾನೂ ಬಿಡಲಿಲ್ಲ, ನನ್ನ ಬಾಯಿ ಮೊದಲಿನಿಂದಲೂ ಮುಂದು. ಅಷ್ಟರಲ್ಲಿ ಮಾವ ಜಗಲಿಯಿಂದ ಇಳಿದು ಬಂದರು. ಬೀಗದ ಕೈಗೆ ಅವರು ಹಳೆಯ ಎತ್ತಿನ ಕೊರಳಿನ ಒಂದು ಗೆಜ್ಜೆ ಕಟ್ಟಿದ್ದರು. ಅದನ್ನು ನನ್ನ ಅಂಗೈಯಲ್ಲಿಟ್ಟು, "ಒಡಿಯೋರು ಗಂಡ್ಸೋ ಎಂಗ್ಸೋ ಅಂತ ಎತ್ತು ಕೇಳ್ತಿತ್ತಾ? ಕೈ ನೋಡ್ತಿತ್ತು ಅಷ್ಟೇಯ. ಇಡ್ಕೊ ಮಗ" ಎಂದರು. ಅಣ್ಣ ಕಾಫಿ ಕುಡಿದು ವಾಪಸು ಬಸ್ಸು ಹತ್ತಿದ.

ಕಲಿಯುವಾಗ ಪಕ್ಕದಲ್ಲಿ ಕೂರುತ್ತಿದ್ದವರೂ ಅವರೇ. ಜೀವಮಾನದಲ್ಲಿ ಒಂದು ಸ್ಕೂಟರು ಓಡಿಸಿದವರಲ್ಲ. ನನಗೆ ಗೇರು ಹೇಳಿಕೊಟ್ಟದ್ದು ಗಂಡನ ಸ್ನೇಹಿತರೊಬ್ಬರು, ಧೈರ್ಯ ಹೇಳಿದ್ದು ಮಾವ. ನಾನು ಹೆದರಿ ನಿಲ್ಲಿಸಿದಾಗಲೆಲ್ಲ ಎತ್ತಿಗೆ ಮಾಡುವಂತೆ ನಾಲಿಗೆಯಲ್ಲಿ ಲೊಚ್ ಲೊಚ್ ಎನ್ನಿಸಿ, "ನಡೀ, ನಡೀ, ಏನೂ ಆಗಲ್ಲ" ಎನ್ನುತ್ತಿದ್ದರು. ಅದು ನನಗೆ ಹೇಳುತ್ತಿದ್ದುದೋ ಪಿಕಪ್ಪಿಗೋ ಎಂದು ಇವತ್ತಿಗೂ ಗೊತ್ತಿಲ್ಲ. ಇಬ್ಬರೂ ಮುಂದೆ ಹೋದೆವು.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಗಾಡಿಯ ಮುಂದಿನ ಚಕ್ರಗಳಿಂದ ಒಂದು ಸದ್ದು ಶುರುವಾಯಿತು. ನಿಧಾನಕ್ಕೆ ಹೋದರೆ ಗೊರಗೊರ, ಬ್ರೇಕು ತುಳಿದರೆ ಕುಂಯ್ ಎಂಬ ನರಳಿಕೆ. ಹಬ್ಬದ ಲೋಡು ಮುಗಿಯಲಿ, ತೋರಿಸೋಣ ಎಂದು ನಾನು ದಿನ ದೂಡಿದೆ. ಮಾವನಿಗೆ ಮಾತ್ರ ಸಮಾಧಾನವಿರಲಿಲ್ಲ. ಒಂದು ಸೋಮವಾರ ಹೊಳೆಯಿಂದ ಹಿಂದಿರುಗುವಾಗ ದಾರಿಯುದ್ದಕ್ಕೂ ತಿರುಗಿ ತಿರುಗಿ ನೋಡುತ್ತಾ ನಡೆದರು. "ಅಳ್ತದಲ್ಲವ್ವ ಇದು" ಎಂದರು. ನಾನು "ಹ್ಞೂಂ" ಎಂದು ಬಟ್ಟೆ ಒಗೆಯಲು ಹೋದೆ.

ಮರುದಿನ ಬೆಳಿಗ್ಗೆ ಬಾಳೆಗೊನೆ ತುಂಬಿಕೊಂಡು ತಿ. ನರಸೀಪುರಕ್ಕೆ ಹೊರಟೆ. ಊರು ದಾಟಿದ ಮೇಲೆ ಕಾಲುವೆಗೆ ಒಂದು ಸೇತುವೆ, ಸೇತುವೆಯಾದ ಮೇಲೆ ಇಳಿಜಾರು. ಇಳಿಜಾರಿನ ಬುಡದಲ್ಲಿ ಒಂದು ಹೆಂಗಸು ಕುರಿಮಂದೆ ಹೊಡೆದುಕೊಂಡು ರಸ್ತೆ ದಾಟುತ್ತಿದ್ದಳು. ಬ್ರೇಕು ತುಳಿದೆ. ಕಾಲಿಗೆ ಬ್ರೇಕು ಗಟ್ಟಿಯಾಗಿಯೇ ಸಿಕ್ಕಿತು, ಗಾಡಿ ಮಾತ್ರ ನಿಲ್ಲಲಿಲ್ಲ. ಸೋಪಿನ ನೀರು ಬಿದ್ದ ನೆಲದ ಮೇಲೆ ಕಾಲಿಟ್ಟ ಹಾಗೆ ಜಾರುತ್ತಲೇ ಹೋಯಿತು. ಹಾರನ್ನು ಒತ್ತಿ ಹಿಡಿದು, ಗೇರು ಇಳಿಸಿ, ಹ್ಯಾಂಡ್‌ಬ್ರೇಕು ಎಳೆದು, ಪಕ್ಕದ ಮಣ್ಣಿನ ದಿಬ್ಬಕ್ಕೆ ಗಾಡಿಯ ಮೈ ಉಜ್ಜಿಸಿ ಹೇಗೋ ನಿಲ್ಲಿಸಿದೆ. ಬಂಪರಿಗೂ ಕೊನೆಯ ಕುರಿಗೂ ನಡುವೆ ಒಂದು ಮೊಳ ಇತ್ತೋ ಇಲ್ಲವೋ. ಆ ಹೆಂಗಸು ನನಗೆ ಬಯ್ದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ. ಅವಳು ಕಿರುಚಿ ಕುರಿಗಳನ್ನು ಓಡಿಸದಿದ್ದರೆ ಕಥೆ ಬೇರೆಯಾಗುತ್ತಿತ್ತು, ಅವಳ ಹೊಟ್ಟೆ ತಣ್ಣಗಿರಲಿ.

ಕುರಿಗಳೆಲ್ಲ ದಾಟಿದ ಮೇಲೆ, ಫಸ್ಟ್ ಗೇರಿನಲ್ಲೇ ತಿ. ನರಸೀಪುರದ ತನಕ ತೆವಳಿಕೊಂಡು ಹೋಗಿ, ನಮ್ಮ ಗಾಡಿ ನೋಡುವ ಮೇಸ್ತ್ರಿಯ ಷೆಡ್ಡಿನ ಮುಂದೆ ನಿಲ್ಲಿಸಿದೆ. ಗೊನೆಗಳನ್ನು ಆಟೋಗೆ ಹಾಕಿ ಅಂಗಡಿಗೆ ಕಳಿಸಿದೆ. ಮನೆಗೆ ಫೋನು ಮಾಡಿ ಮಾವನಿಗೆ "ಗಾಡಿ ಕೆಟ್ಟದೆ, ಬರೋದು ತಡ ಆಯ್ತದೆ" ಎಂದಷ್ಟೇ ಹೇಳಿದೆ. ಕುರಿಮಂದೆಯ ವಿಷಯ ಹೇಳಿ ಆ ಜೀವವನ್ನು ಯಾಕೆ ಹೆದರಿಸಲಿ ಎಂದುಕೊಂಡೆ.

ಆ ಮೇಸ್ತ್ರಿ ಐವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ಜಾಕಿ ಕೊಟ್ಟು ಬಲಗಡೆ ಚಕ್ರ ಬಿಚ್ಚಿದರು. ಚಕ್ರದ ಹಿಂದೆ ಊಟದ ತಟ್ಟೆಯಷ್ಟು ಅಗಲದ ಕಬ್ಬಿಣದ ಡಿಸ್ಕು ಇರುತ್ತದೆ. ಬ್ರೇಕು ತುಳಿದಾಗ ಎರಡು ಪ್ಯಾಡುಗಳು ಅದನ್ನು ಎರಡೂ ಕಡೆಯಿಂದ ಅಮುಕಿ ಹಿಡಿದರೆ ಗಾಡಿ ನಿಲ್ಲುತ್ತದೆ. ಮೇಸ್ತ್ರಿ ಡಿಸ್ಕಿನ ಮೇಲೆ ಬೆರಳಾಡಿಸಿ ಮೂಸಿ ನೋಡಿದರು. ಬೆರಳು ಕರ್ರಗೆ ಜಿಡ್ಡಾಗಿತ್ತು.

"ಅಕ್ಕ, ಯಾರೋ ನಿಮ್ ಬ್ರೇಕ್‌ಗೆ ಎಣ್ಣೆ ಕುಡ್ಸವ್ರೆ."

ನನಗೆ ಸಿಟ್ಟು ನೆತ್ತಿಗೇರಿತು. ಹಿಂದಿನ ವಾರ ಟೈರು ಬಿಚ್ಚಿದ್ದ ಪಂಕ್ಚರ್ ಅಂಗಡಿಯವನೇ ಇರಬೇಕು ಎಂದು ತೀರ್ಮಾನಿಸಿಬಿಟ್ಟೆ. ಅವನ ಕೈ ಸೇದಿಹೋಗ, ಅವನ ಅಂಗಡಿಗೆ ಬೀಗ ಬೀಳ ಎಂದು ಅಲ್ಲೇ ನಿಂತು ಶಾಪ ಹಾಕಿದೆ. ಪಾಪ, ಆ ಮನುಷ್ಯನದು ಏನೇನೂ ತಪ್ಪಿರಲಿಲ್ಲ. ಆಮೇಲೆ ಒಂದು ಸಲ ಅವನ ಅಂಗಡಿ ಮುಂದೆ ಹೋಗುವಾಗ ಎರಡು ಚಿಪ್ಪು ಬಾಳೆಹಣ್ಣು ಕೊಟ್ಟು ಬಂದೆ. ಯಾಕೆ ಅಂತ ಅವನಿಗೆ ಇವತ್ತಿಗೂ ತಿಳಿಯದು.

ಡಿಸ್ಕಿನ ಮೈಯೆಲ್ಲ ಗೀರು ಬಿದ್ದಿತ್ತು, ಎರಡೂ ಕಡೆಯದು ಬದಲಾಯಿಸಲೇಬೇಕು ಎಂದರು ಮೇಸ್ತ್ರಿ. ಮೈಸೂರಿನ ಅಂಗಡಿಗೆ ಫೋನು ಮಾಡಿದರು, ಹೊಸ ಸಾಮಾನು ಮಧ್ಯಾಹ್ನದ ಬಸ್ಸಿಗೆ ಬರುತ್ತದೆ ಎಂದಾಯಿತು. ಅಷ್ಟರಲ್ಲಿ ಹಳೆಯದನ್ನು ಬಿಚ್ಚಿಡಬೇಕು. ಅದು ಬರಲಿಲ್ಲ. ಒಳಗಿನ ಹಬ್ಬಿಗೂ, ಅಂದರೆ ಚಕ್ರ ಕೂರುವ ಗುಂಬಕ್ಕೂ, ಡಿಸ್ಕಿಗೂ ನಡುವೆ ತುಕ್ಕು ತುಂಬಿ, ಎರಡೂ ಒಂದೇ ಕಬ್ಬಿಣವಾಗಿ ಕೂತಿದ್ದವು. "ಸೀಜ್ ಆಗ್ಬುಟ್ಟದೆ" ಎಂದರು. ಸಂದಿಗೆ ತುಕ್ಕಿನ ಎಣ್ಣೆ ಬಿಟ್ಟು, ಸಣ್ಣ ಸುತ್ತಿಗೆಯಲ್ಲಿ ಒಂದು ಸುತ್ತು ತಟ್ಟಿ, ಟೀ ಕುಡಿಯಲು ಕೂತರು. ಮತ್ತೆ ಎಣ್ಣೆ, ಮತ್ತೆ ಒಂದು ಸುತ್ತು ತಟ್ಟುವುದು, ಮತ್ತೆ ಕೂರುವುದು. ನನಗೆ ತಡೆಯಲಾಗಲಿಲ್ಲ.

"ದೊಡ್ ಸುತ್ಗೇಲಿ ಒಂದ್ ಏಟು ಆಕಿ ಅತ್ಲಾಗೆ!"

"ಆಕುದ್ರೆ ಬತ್ತದೆ ಅಕ್ಕ. ಜೊತೇಲಿ ಬೇರಿಂಗೂ ಓಯ್ತದೆ. ಸಿಟ್ಟು ಬಂದಾಗ ನಾನು ಸುತ್ಗೆ ಮುಟ್ಟಕಿಲ್ಲ, ಟೀ ಕುಡೀತೀನಿ." ಅವರು ಆ ಬೆಳಿಗ್ಗೆ ನಾಲ್ಕು ಟೀ ಕುಡಿದಿದ್ದರು.

ಹನ್ನೊಂದರ ಹೊತ್ತಿಗೆ ಬಸ್ಸಿಳಿದು ಮಾವ ಬಂದರು. ಕೈಯಲ್ಲಿ ಒಂದು ಬಟ್ಟೆಚೀಲ. ಮೊದಲೆಲ್ಲ ಎತ್ತಿಗೆ ಕಾಯಿಲೆಯಾದರೆ ದನದಾಸ್ಪತ್ರೆಯ ಮುಂದೆ ಹೀಗೇ ಬಂದು ಕೂರುತ್ತಿದ್ದರಂತೆ. ಜಾಕಿಯ ಮೇಲೆ ಚಕ್ರವಿಲ್ಲದೆ ನಿಂತ ಗಾಡಿಯನ್ನು ನೋಡಿ "ಅಯ್ಯೋ ಶಿವನೇ" ಎಂದು ಅದರ ಮೈ ಸವರಿ, ಒಂದು ಹಳೆಯ ಟೈರಿನ ಮೇಲೆ ಕೂತರು.

ಡಿಸ್ಕಿನಲ್ಲಿಯೇ ಎದುರುಬದುರಾಗಿ ಎರಡು ಸಣ್ಣ ತೂತುಗಳಿರುತ್ತವೆ. ಮೇಸ್ತ್ರಿ ಅವುಗಳ ತುಕ್ಕನ್ನು ಕೆರೆದು ತೆಗೆದು, ಎರಡಕ್ಕೂ ಒಂದೊಂದು ಬೋಲ್ಟು ಹಾಕಿದರು. ಬೋಲ್ಟು ಒಳಗೆ ಹೋದಷ್ಟೂ ಹಬ್ಬನ್ನು ಒತ್ತುತ್ತದೆ, ಡಿಸ್ಕು ಹೊರಗೆ ಬರಬೇಕು. ಈ ಕಡೆಯದಕ್ಕೆ ಅರ್ಧ ಸುತ್ತು, ಆ ಕಡೆಯದಕ್ಕೆ ಅರ್ಧ ಸುತ್ತು. ಒಂದಕ್ಕೇ ಜೋರು ಕೊಟ್ಟರೆ ಡಿಸ್ಕು ಓರೆಯಾಗಿ ಇನ್ನೂ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದಂತೆ. ಒಂದು ಹೊತ್ತಿನಲ್ಲಿ ಟಪ್ ಎಂದು ಬಂದೂಕು ಸಿಡಿದ ಹಾಗೆ ಸದ್ದಾಗಿ, ಡಿಸ್ಕು ಸಡಿಲವಾಗಿ ಮೇಸ್ತ್ರಿಯ ಕೈಗೆ ಬಂತು. "ಬಂತು ಬಂತು!" ಎಂದು ಮಾವ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು.

ಡಿಸ್ಕಿನ ಹಿಂದಿದ್ದ ತಗಡಿನ ಮೂಲೆಯಿಂದ ಒಂದು ಹಿಡಿ ನುಣ್ಣನೆಯ ಮರಳು ಉದುರಿತು. ಜೊತೆಗೆ ಒಂದು ಚಿಕ್ಕ ಕಪ್ಪೆಚಿಪ್ಪು. ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿದರು.

"ಗಾಡೀನ ಒಳೆಗೆ ಇಳುಸ್ತೀರಾ ಯಜಮಾನ್ರೇ?"

"ಊಂ ಮತ್ತೆ! ಪ್ರತಿ ಸ್ವಾಮಾರ. ನಾಕು ವರ್ಸದಿಂದ ಒಂದ್ ವಾರ ತಪ್ಸಿಲ್ಲ" ಎಂದರು ಮಾವ, ಹೆಮ್ಮೆಯಿಂದ.

"ತೊಳ್ದು ಒಣಗುಸ್ತೀರಾ?"

"ಒಣಗ್ಸದೇನು, ನೆಳ್ಳಲ್ಲಿ ಕಟ್ತೀವಿ. ಮಂಗ್ಳಾರದ ಗಂಟ ಅಲ್ಲಾಡ್ಸಕಿಲ್ಲ."

"ಅದೇ ನೋಡಿ" ಎಂದರು ಮೇಸ್ತ್ರಿ, ಮೆಲ್ಲಗೆ. "ವಾರ ವಾರ ಒದ್ದೇಲಿ ನಿಂತೂ ನಿಂತೂ ತುಕ್ಕು ಇಡ್ದು ಕಚ್ಕಂಡದೆ. ಇನ್ಮೇಲೆ ನೀರಿಗಿಳುಸ್ಬೇಡಿ." ಮಾವನ ಮುಖ ಸಣ್ಣಗಾಯಿತು. ನನಗೆ ಅದು ಕಂಡಿತು. ಏನಾದರೂ ಸಮಾಧಾನ ಹೇಳಬೇಕು ಎಂದು ನಾನು ಹುಡುಕುತ್ತಿದ್ದೆ. ಅಷ್ಟರಲ್ಲಿ ಮೇಸ್ತ್ರಿ ಎಡಗಡೆಯ ಚಕ್ರಕ್ಕೆ ಹೋಗಿ, ಅದು ಇನ್ನೂ ಗಟ್ಟಿಯಾಗಿ ಕೂತಿದೆ ಎಂದರು. ಮಾವ ತಟ್ಟನೆ ಎದ್ದು, ಬಟ್ಟೆಚೀಲಕ್ಕೆ ಕೈಹಾಕಿ ಒಂದು ಬಾಟಲಿ ತೆಗೆದರು.

"ತಗಳಿ, ಇದುನ್ನ ಆಕಿ. ಕೀಲೆಣ್ಣೆ. ನೆನ್ನೆ ಅಳ್ತಿತ್ತಲ್ಲ, ಎರಡಕ್ಕೂ ಚೆನ್ನಾಗಿ ಕುಡ್ಸಿದ್ದೆ. ಎಡದೆತ್ತಿಗೆ ಸಾಲ್ನಿಲ್ಲ ಅಂತ ಕಾಣ್ತದೆ."

ಕೀಲೆಣ್ಣೆ ಎಂದರೆ ಎತ್ತಿನಗಾಡಿಯ ಅಚ್ಚಿಗೆ ಹಾಕುವ ಎಣ್ಣೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಮಾವನೇ ಮಾಡುತ್ತಿದ್ದರು. ಗಾಡಿ ಅತ್ತರೆ ಕೀಲೆಣ್ಣೆ ಹಾಕಬೇಕು, ಅವರಿಗೆ ಗೊತ್ತಿದ್ದದ್ದು ಅದು. ನಾನು ಬಟ್ಟೆ ಒಗೆಯುತ್ತಿದ್ದಾಗ, ಕೋಳಿಪುಕ್ಕದಲ್ಲಿ ಅದ್ದಿ ಅದ್ದಿ, ಚಕ್ರದ ಸಂದಿಯಲ್ಲಿ ತೂರಿಸಿ ಎರಡೂ ಬ್ರೇಕುಗಳಿಗೆ ತಮ್ಮ ಕೈಯಾರೆ ಬಳಿದಿದ್ದರು.

ಮೇಸ್ತ್ರಿಯ ಕೈ ನಿಂತಿತು. ನನ್ನ ಕಣ್ಣ ಮುಂದೆ ಆ ಕುರಿಗಳು ಬಂದವು.

"ಮಾವ, ನನ್ನ ಸಾಯ್ಸಬೇಕು ಅಂತಿದ್ರಾ?" ಎಂದು ಕಿರುಚಿದೆ. "ಇವತ್ತು ಇಳಿಜಾರಲ್ಲಿ ಬ್ರೇಕ್ ಇಡೀನಿಲ್ಲ. ಒಂದು ಮೊಳದಲ್ಲಿ ಉಳ್ಕಂಡಿದೀನಿ. ಆ ಎಂಗ್ಸು, ಆ ಕುರಿ, ನಾನು, ಎಲ್ಲಾ ಒಂದೇ ಗುಡ್ಡೆ ಆಗ್ತಿದ್ದೋ! ಇದು ಎತ್ತಲ್ಲ ಮಾವ, ಕಬ್ಣ! ನಿಮ್ ಎತ್ತು ಓಗಿ ನಾಕು ವರ್ಸ ಆಯ್ತು. ಇನ್ಮೇಲೆ ನನ್ನ ಗಾಡಿ ಮುಟ್ಬೇಡಿ ನೀವು!"

ನನ್ನ ಗಾಡಿ ಎಂದೆ. ಕೊಟ್ಟವರ ಎದುರಿಗೇ ನಿಂತು ಹಾಗೆಂದೆ. ಮಾವ ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದರು. ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟು ಐದನೆಯ ಟೀಗೆ ಎದ್ದುಹೋದರು. ಸಿಟ್ಟಿನಲ್ಲಿ ಮುಟ್ಟಬಾರದ ಸಾಮಾನು ಸುತ್ತಿಗೆ ಒಂದೇ ಅಲ್ಲ ಎಂದು ನನಗೆ ಹೊಳೆಯುವಷ್ಟರಲ್ಲಿ ಆಡಬೇಕಾದ್ದೆಲ್ಲ ಆಡಿ ಆಗಿತ್ತು.

ನಾನು ಮುಖ ತೊಳೆದುಕೊಂಡು ಬರುವ ಹೊತ್ತಿಗೆ ಹಳೆಯ ಟೈರಿನ ಮೇಲೆ ಮಾವ ಇರಲಿಲ್ಲ. "ಬಸ್ ಅತ್ತುದ್ರು ಅಕ್ಕ. ನಾನು ಕರುದೆ, ತಿರುಗ್ನಿಲ್ಲ" ಎಂದರು ಮೇಸ್ತ್ರಿ. ಎಡಗಡೆಯ ಡಿಸ್ಕು ಸಂಜೆ ನಾಲ್ಕರ ತನಕ ಸತಾಯಿಸಿತು. ಒಂದು ಬೋಲ್ಟು ಮುರಿದು, ಅದನ್ನು ಕೊರೆದು ತೆಗೆದು, ಮತ್ತೆ ಅರ್ಧರ್ಧ ಸುತ್ತು ಕೊಟ್ಟು ಬಿಡಿಸಿದರು. ಟಪ್ ಎಂದು ಅದು ಕಳಚಿಕೊಂಡಾಗ ಚಪ್ಪಾಳೆ ತಟ್ಟುವವರು ಯಾರೂ ಇರಲಿಲ್ಲ. ಹಬ್ಬನ್ನು ಉಜ್ಜಿ ಹೊಳೆಯುವಂತೆ ಮಾಡಿ, ಹೊಸ ಡಿಸ್ಕು, ಹೊಸ ಪ್ಯಾಡು ಕೂರಿಸಿ, ಮೇಸ್ತ್ರಿ ತಾವೇ ಓಡಿಸಿ ನೋಡಿ ಬೀಗದ ಕೈ ಕೊಟ್ಟರು. ಗೆಜ್ಜೆ ಗಲ್ ಎಂದಿತು. ಮನೆಯ ತನಕ ಅತ್ತುಕೊಂಡೇ ಗಾಡಿ ಓಡಿಸಿದೆ.

ಮಾವ ಜಗಲಿಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು.

ಬುಧವಾರ ಅರ್ಧ ಮುದ್ದೆ ಬಿಟ್ಟರು. ಗುರುವಾರ ಅಷ್ಟೂ ತಿನ್ನಲಿಲ್ಲ. ನಾನು ಕೂಗಿ ಕರೆದರೆ "ಊಂ" ಎನ್ನುತ್ತಿದ್ದರೇ ಹೊರತು ತಿರುಗುತ್ತಿರಲಿಲ್ಲ. ಗಂಡ ಎಲ್ಲ ಕೇಳಿ ನನ್ನನ್ನು ಬಯ್ಯಲಿಲ್ಲ, "ಎತ್ತು ಮಾರ್ದಾಗ್ಲೂ ಇಂಗೇ ಮನೀಕಂಡಿದ್ರು" ಎಂದಷ್ಟೇ ಹೇಳಿದ. ಬಯ್ದಿದ್ದರೆ ತಿರುಗಿ ಎರಡು ಮಾತಾದರೂ ಆಡಬಹುದಿತ್ತು. ಆ ಸಲ ಅವರನ್ನು ಎಬ್ಬಿಸಲು ಪಿಕಪ್ಪು ಬಂದಿತ್ತು. ಈ ಸಲ ಅವರ ಸೋಮವಾರವನ್ನು ಕಿತ್ತುಕೊಂಡವಳೇ ನಾನು. ಎಬ್ಬಿಸಲು ಇನ್ನು ಏನು ತರಲಿ? ತಪ್ಪಾಯಿತು ಮಾವ ಎನ್ನಲು ದಿನಕ್ಕೆ ಹತ್ತು ಸಲ ಜಗಲಿಗೆ ಹೋದೆ. ಬೇರೆಲ್ಲ ಮಾತಿಗೂ ಮುಂದಾಗುವ ಈ ಬಾಯಿ ಆ ಎರಡು ಮಾತಿಗೆ ಬರಲಿಲ್ಲ. ಕಾಫಿ ಬೇಕಾ ಎಂದು ಕೇಳಿ ವಾಪಸು ಬರುತ್ತಿದ್ದೆ.

ಭಾನುವಾರ ಮಧ್ಯಾಹ್ನ ಮೇಸ್ತ್ರಿಗೆ ಫೋನು ಮಾಡಿದೆ. "ಗಾಡಿ ತೊಳೀಲೇಬಾರ್ದಾ ಸಾ? ಏನೂ ದಾರಿ ಇಲ್ವಾ?" ಎಂದೆ. ಅವರಿಗೆ ಅರ್ಥವಾಯಿತು ಅಂತ ಕಾಣುತ್ತದೆ.

"ಯಾಕಿಲ್ಲ ಅಕ್ಕ? ನೀರಿಗಿಳುಸ್ಬೇಡಿ, ದಡದಲ್ಲಿ ನಿಲ್ಸಿ ಬಿಂದಿಗೇಲಿ ಉಯ್ಯಿ. ತೊಳುದ್ಮೇಲೆ ಅಂಗೇ ನಿಲ್ಸಬಾರ್ದು ಅಷ್ಟೇ. ಬಿಸ್ಲಲ್ಲಿ ಒಂದೆರಡು ಮೈಲಿ ಓಡ್ಸಿ, ಮದ್ಯ ಮದ್ಯ ಬ್ರೇಕ್ ಇಡೀರಿ. ಡಿಸ್ಕ್ ಒಣಗ್ತದೆ. ಆಮೇಲೆ ಎಲ್ಲಾದ್ರೂ ಕಟ್ಕಳಿ."

ಸೋಮವಾರ ಬೆಳಿಗ್ಗೆ ಹಾಲು ಕರೆದು, ಬಕೆಟ್ಟು, ಬಿಂದಿಗೆ, ಹುಲ್ಲಿನ ಹಿಡಿ ಎಲ್ಲ ಜಗಲಿಯ ಮುಂದೆ ಸದ್ದಾಗುವ ಹಾಗೆ ಇಟ್ಟೆ. ಮಾವ ಅಲುಗಲಿಲ್ಲ. ಅವರ ಬೆನ್ನ ಹಿಂದೆ ಕೂತೆ. ತಪ್ಪಾಯಿತು ಎನ್ನಲೆಂದೇ ಕೂತದ್ದು. ಬಾಯಿಂದ ಬಂದದ್ದು ಬೇರೆ.

"ಮಾವ, ಎತ್ತಿನ ಮೈ ತೊಳುದ್ಮೇಲೆ ಒದ್ದೇಲೇ ಕಟ್ಟಾಕ್ತಿದ್ರಾ?"

ಬೆನ್ನು ಸ್ವಲ್ಪ ಅಲುಗಿತು. "ಯಾವ್ ಮುಟ್ಟಾಳ ಕಟ್ಟಾನು? ಸೀತ ಆಗಾಕಿಲ್ವಾ?" ಎಂದರು ಗೋಡೆಗೇ. "ಬಿಸ್ಲಲ್ಲಿ ನಾಕು ಎಜ್ಜೆ ನಡ್ಸಿ, ರೋಮ ಒಣಗುದ್ಮೇಲೆ..."

ಅಲ್ಲಿಗೆ ನಿಂತುಬಿಟ್ಟರು. ಆಮೇಲೆ ನಿಧಾನವಾಗಿ ಈ ಕಡೆ ತಿರುಗಿ, ಎದ್ದು ಕೂತರು. ಆರು ದಿನದ ಮೇಲೆ ನಾನು ಅವರ ಮುಖ ನೋಡಿದೆ, ಗಡ್ಡ ಬೆಳೆದು ಸೊರಗಿತ್ತು.

"ಮೇಸ್ತ್ರಿಯೂ ಅದನ್ನೇ ಅಂದ್ರು ಮಾವ. ತೊಳೀರಿ, ಬಿಸ್ಲಲ್ಲಿ ನಡ್ಸಿ ಒಣಗ್ಸಿ, ಆಮೇಲೆ ಕಟ್ಟಿ ಅಂದ್ರು."

"ಎತ್ತಿಗೆ ಮಾಡ್ತಿದ್ದೆ" ಎಂದರು. "ಇದುಕ್ಯಾಕೆ ನಂಗೆ ಒಳೀನಿಲ್ಲ?"

ಅವರೇ ಬಕೆಟ್ಟು ಹಿಡಿದು ಮುಂದೆ ನಡೆದರು. ಹೊಳೆಯ ದಡದಲ್ಲಿ, ನೀರಿನಿಂದ ನಾಲ್ಕು ಮಾರು ಈಚೆಗೆ ಗಾಡಿ ನಿಲ್ಲಿಸಿದೆ. ನಾನು ನೀರು ಹೊತ್ತು ತಂದೆ, ಅವರು ಉಯ್ದು ಉಜ್ಜಿದರು. ಚಕ್ರದ ಹತ್ತಿರ ಬಂದಾಗ ಕೈ ಹಿಂದಕ್ಕೆ ಎಳೆದುಕೊಂಡು ನನ್ನ ಕಡೆ ನೋಡಿದರು. ಮುಟ್ಟಬೇಡಿ ಎಂದಿದ್ದೆನಲ್ಲ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಉಜ್ಜಿ ಮಾವ, ಬಲದೆತ್ತಿಗೆ ಮಣ್ಣು ಜಾಸ್ತಿ ಅದೆ" ಎಂದೆ. ಉಜ್ಜಿದರು.

ತೊಳೆದು ಮುಗಿದ ಮೇಲೆ ನಾನು ಸ್ಟೇರಿಂಗಿನ ಮುಂದೆ ಕೂತು ಕಾದೆ. ಸೋಮವಾರ ಹೊಳೆಗೆ ಹೋಗಿ ಬರುವುದು ಬಿಟ್ಟರೆ ಗಾಡಿ ರಸ್ತೆ ಹತ್ತಿದ್ದೇ ಇಲ್ಲ. ಅವರ ಕಟ್ಟಳೆಯನ್ನು ಅವರ ಬಾಯಿಂದ ಬಾರದೆ ನಾನು ಮುರಿಯುವುದಿಲ್ಲ ಎಂದು ಗಟ್ಟಿಮಾಡಿಕೊಂಡಿದ್ದೆ. ಮಾವ ಗಾಡಿಯನ್ನು ಒಂದು ಸುತ್ತು ಹಾಕಿದರು. ಹಿಂದೆ ಖಾಲಿ ಇದ್ದ ತೊಟ್ಟಿಯೊಳಗೆ ಇಣುಕಿದರು.

"ಒರೆ ಇಲ್ಲ. ನೊಗ ಇಟ್ಟಂಗಾಗಕಿಲ್ಲ" ಎಂದು ತಮಗೆ ತಾವೇ ಹೇಳಿಕೊಂಡು, ಆಚೆ ಕಡೆಯ ಬಾಗಿಲು ತೆಗೆದು ಹತ್ತಿ ಕೂತರು. "ನಡೀ."

ಊರು ದಾಟಿ ಕಾಲುವೆಯ ಕಡೆ ಹೊರಟೆವು. ಬಿಸಿಲು ಚೆನ್ನಾಗಿತ್ತು, ಎರಡೂ ಕಡೆ ಭತ್ತ ತೆನೆಗಟ್ಟಿತ್ತು. ಎರಡೆರಡು ಫರ್ಲಾಂಗಿಗೆ ಒಂದು ಸಲ ಬ್ರೇಕು ತುಳಿದೆ. ಹೊಸ ಬ್ರೇಕು ಸದ್ದಿಲ್ಲದೆ ಹಿಡಿಯಿತು. ಸೇತುವೆ ಹತ್ತುವಾಗ ಮಾವ ಮುಂದಕ್ಕೆ ಬಾಗಿ ಕೂತರು. ಇಳಿಜಾರಿನಲ್ಲಿ ದಿಬ್ಬಕ್ಕೆ ನಮ್ಮ ಗಾಡಿ ಉಜ್ಜಿದ ಗುರುತು ಇನ್ನೂ ಹಾಗೇ ಇತ್ತು.

"ಇಲ್ಲೇನಾ?"

"ಇಲ್ಲೇ ಮಾವ."

"ಬ್ರೇಕ್ ಇಡಿ ನೋಡವ."

ತುಳಿದೆ. ಗಾಡಿ ಇಳಿಜಾರಿನ ನಡುವೆ ಅಲುಗದೆ ನಿಂತಿತು. ಮಾವ ದಿಬ್ಬದ ಗುರುತನ್ನು ನೋಡಿದರು, ರಸ್ತೆಯನ್ನು ನೋಡಿದರು. ಹೆಗಲ ಟವೆಲಿನಿಂದ ಕಣ್ಣೊತ್ತಿಕೊಂಡರು.

"ನನ್ನ ಮಾತಿಗೆ ನೊಂದ್ಕಬೇಡಿ ಮಾವ, ತಪ್ಪಾಯ್ತು" ಎಂದೆ. ಕೊನೆಗೂ ಬಾಯಿಂದ ಬಂತು.

"ಯಾವ್ ಮಾತು?" ಎಂದರು. ನಿಜವಾಗಿಯೂ ಅವರಿಗೆ ನೆನಪಿದ್ದ ಹಾಗೆ ಕಾಣಲಿಲ್ಲ. "ನೀನು ಏನಂದ್ಯೋ ನಂಗೆ ಕೇಳ್ನೇ ಇಲ್ಲ ಕಣ್ ಮಗ. ಒಂದು ಮೊಳ ಅಂದ್ಯಲ್ಲ, ಅಲ್ಲಿಂದ ಮುಂದುಕ್ಕೆ ಏನೂ ಕೇಳ್ನಿಲ್ಲ. ನನ್ನ ಕೈಯಾರೆ ಎಣ್ಣೆ ಬಳ್ದು ನಿನ್ನ ಕಳ್ಕಂಡಿದ್ರೆ ಯಾರ್ ಮಕ ನೋಡ್ಲಿ ಅಂತ, ಅದುಕ್ಕೇ ಗ್ವಾಡೆ ನೋಡ್ಕಂಡು ಮನೀಕಂಡಿದ್ದೆ."

ನಾನು ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅತ್ತೆ. ಅವರು ನಾಲಿಗೆಯಲ್ಲಿ ಲೊಚ್ ಲೊಚ್ ಎನ್ನಿಸಿದರು.

"ನಡೀ, ನಡೀ" ಎಂದರು. "ಇನ್ನೂ ಒಣಗಿಲ್ಲ."